ನನ್ನ ಪಾಲಿನ ಅರ್ಧ ಕೂಗು

ನಮ್ಮ ಮನೆಯವರು ತೀರಿಕೊಂಡ ಮೇಲೆ ಮಾತಾಡಿಸಲು ಬಂದವರೆಲ್ಲ ಅವರ ದನಿಯ ವಿಷಯವನ್ನೇ ಎತ್ತಿದರು. ನ್ಯಾಮತಿಯಿಂದ ಹೊರಟು ಹೊನ್ನಾಳಿ, ಸಾಸ್ವೆಹಳ್ಳಿ ಹಾದು ಚನ್ನಗಿರಿಗೆ ಹೋಗಿಬರುತ್ತಿದ್ದ ಖಾಸಗಿ ಬಸ್ಸಿನಲ್ಲಿ ಅವರು ಕಂಡಕ್ಟರ್ ಆಗಿದ್ದರು. ಜೇಬಿನಲ್ಲಿ ವಿಸಿಲ್ ಇರುತ್ತಿತ್ತು, ಆದರೆ ಊದಿದ್ದನ್ನು ಕಂಡವರು ಕಡಿಮೆ. ಹಿಂದಿನ ಬಾಗಿಲಲ್ಲಿ ನಿಂತು 'ಹೋಲ್ಡಾನ್' ಎಂದರೆ ಮುಂದೆ ಕೂತ ಡ್ರೈವರಿಗೂ ಕೇಳುತ್ತಿತ್ತು, ಟಾಪಿನ ಮೇಲೆ ಕೂತವರಿಗೂ ಕೇಳುತ್ತಿತ್ತು.

"ಅಂಥಾ ಗಂಟಲು ಇನ್ನು ಬರಲ್ಲ ಬಿಡವ್ವ" ಎಂದರು ಒಬ್ಬರು. ನಾನು ತಲೆಯಾಡಿಸಿದೆ. ಅವರು ಹೇಳುತ್ತಿದ್ದುದು ಬಸ್ಸಿನ ದನಿ, ಕಬಡ್ಡಿ ಮೈದಾನದ ದನಿ. ಸಂಜೆ ನಮ್ಮ ಓಣಿಯ ತಿರುವಿನಿಂದ ಅಡುಗೆಮನೆಯ ತನಕ ಬರುತ್ತಿದ್ದ ದನಿಯ ಮಾತು ಯಾರೂ ಆಡಲಿಲ್ಲ. ಅದು ನನಗಾಗಿ ಬರುತ್ತಿದ್ದುದು. ಅದನ್ನು ನಾನೇ ಬರೆಯಬೇಕು.

ನನ್ನ ತವರು ಜಗಳೂರು. ಏಳನೇ ಕ್ಲಾಸು ಮುಗಿಸಿ ಮನೆಯಲ್ಲಿದ್ದೆ. ಎಪ್ಪತ್ತರ ದಶಕದ ನಡುವೆ ಮದುವೆಯಾಗಿ ಹೊನ್ನಾಳಿಗೆ ಬಂದೆ. ಬಿಂದಿಗೆ ನೀರನ್ನು ಅಳೆದು ಬಳಸುವ ಊರಿನಿಂದ ಬಂದವಳಿಗೆ ಹಿತ್ತಲು ದಾಟಿದರೆ ಹೊಳೆ. ಮೊದಮೊದಲು ಪಾತ್ರೆ ತೊಳೆದ ನೀರನ್ನೂ ಚೆಲ್ಲದೆ ಒಂದು ಮೂಲೆಗೆ ಇಡುತ್ತಿದ್ದೆ. ನಮ್ಮತ್ತೆ ನಕ್ಕು, "ಚೆಲ್ಲವ್ವ, ಹೊಳೆ ಏನು ನಿಮ್ಮಪ್ಪನ ಮನೆ ಗಡಿಗೇನಾ" ಎನ್ನುತ್ತಿದ್ದರು.

ನಮ್ಮಲ್ಲಿ ಆಗ ಗಂಡನ ಹೆಸರನ್ನು ಹೆಂಡತಿ ಹೇಳುತ್ತಿರಲಿಲ್ಲ. ಗಂಡನೂ ಹಿರಿಯರ ಎದುರಿಗೆ ಹೆಂಡತಿಯ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಾನು 'ರೀ' ಎನ್ನುತ್ತಿದ್ದೆ. ಅವರಿಗೆ ಅದೂ ಇರಲಿಲ್ಲ. ಬಸ್ಸಿನಲ್ಲಿ ಊರಿಗೆಲ್ಲ ಕೇಳುವಂತೆ ಕೂಗುವವರು ಮನೆಗೆ ಬಂದರೆ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು. ಕೆಮ್ಮು ಕೇಳಿದರೆ ನಾನು ಕೈಕಾಲಿಗೆ ನೀರು ತಂದಿಡಬೇಕು. ಮದುವೆಯಾದ ಮೊದಲ ವರ್ಷ ನಮ್ಮ ಮಾತುಕತೆ ಹೆಚ್ಚುಕಡಿಮೆ ಅಷ್ಟೇ.

ಅವರಿಗೆ ಕಬಡ್ಡಿ ಹುಚ್ಚು. ಆಡಿದವರಲ್ಲ, ಮೈ ಸಣಕಲು. ಆಡುವವರ ಹಿಂದೆ ಹೋಗುವವರು. ಹೊಳೆಸಾಲಿನ ಹಳ್ಳಿಗಳ ಹುಡುಗರು ಸೇರಿ ಒಂದು ತಂಡ ಕಟ್ಟಿದ್ದರು. ಅವರಲ್ಲಿ ಸಾಸ್ವೆಹಳ್ಳಿಯ ಎತ್ತರದ ಹುಡುಗನೊಬ್ಬ ಗೆರೆ ದಾಟಿ ಒಳಗೆ ಹೋದನೆಂದರೆ ಒಬ್ಬಿಬ್ಬರನ್ನಾದರೂ ಮುಟ್ಟದೆ ಬರುತ್ತಿರಲಿಲ್ಲವಂತೆ. ನ್ಯಾಮತಿಯ ಪಂದ್ಯವೊಂದರಲ್ಲಿ ಆ ಹುಡುಗ ಗೆರೆ ದಾಟುವಾಗ ಇವರು ಗುಂಪಿನ ನಡುವೆ ಬಲಗೈ ಎತ್ತಿ "ಹೊಳೆ ಬಂತೋ..." ಎಂದು ಎಳೆದು ಕೂಗಿದರಂತೆ. ಮಳೆಗಾಲದಲ್ಲಿ ನೀರು ಏರಿದಾಗ ಕೆಳಗಿನ ಓಣಿಯವರು ಕೂಗುತ್ತ ಬರುವ ಮಾತು ಅದು. ಕೂಗಿದ ಮೇಲೆ ಕೈ ಕೆಳಗಿಳಿಸಿದರು. ಇಳಿಸಿದ್ದೇ ತಡ, ಬಸ್ಸಿನಲ್ಲಿ ದಿನವೂ 'ದಾರಿ ಬಿಡ್ರಿ' ಎಂದು ಅವರಿಂದ ಬೈಸಿಕೊಳ್ಳುತ್ತಿದ್ದ ಜನವೇ ಆ ಮಾತನ್ನೇ ತಿರುಗಿಸಿ "ದಾರಿ ಬಿಡ್ರೋ!" ಎಂದಿತು. ಅಲ್ಲಿಂದ ಅದು ನಮ್ಮ ತಂಡದ ಕೂಗಾಯಿತು. ಮೊದಲರ್ಧ ಅವರದು, ಎರಡನೆಯ ಅರ್ಧ ಜನರದು. ಕೈ ಇಳಿಯುವ ತನಕ ಯಾರೂ ಬಾಯಿ ಬಿಡುವಂತಿಲ್ಲ.

ಆ ದಿನ ಗೆದ್ದ ಸಂತೋಷಕ್ಕೆ ಓಣಿಯ ತಿರುವಿನಲ್ಲೇ ಕೂಗಿದರು. "ಹೊಳೆ ಬಂತೋ..." ನಾನು ರೊಟ್ಟಿ ಬಡಿಯುತ್ತಿದ್ದೆ. ನಿಜವಾಗಿಯೂ ಹೊಳೆ ಬಂತೆಂದು ಎದ್ದು ನಿಂತೆ. ಅತ್ತೆ ಕಡ್ಡಿ ಮುರಿದಂತೆ, "ಕುಂದ್ರು, ಬ್ಯಾಸಿಗ್ಯಾಗೆ ಯಾವ ಹೊಳೆ? ನನ್ ಮಗನಿಗೆ ತಲಿ ಕೆಟ್ಟೈತೆ" ಎಂದರು. ಮಾರನೆಯ ದಿನವೂ ಕೂಗಿದರು. ಅದರ ಮಾರನೆಯ ದಿನವೂ. ಬಾಗಿಲಿಗೆ ಬಂದು ಕೆಮ್ಮುವುದು ನಿಂತೇಹೋಯಿತು. ಒಂದು ಸಂಜೆ ಅತ್ತೆ ಪಕ್ಕದ ಮನೆಗೆ ಹೋಗಿದ್ದರು. ಕೂಗು ಬಂತು. ನಾನು ಒಲೆಯ ಮುಂದೆ ಕೂತವಳು ನನಗಷ್ಟೇ ಕೇಳುವಂತೆ, "ದಾರಿ ಬಿಡ್ರೋ" ಎಂದೆ. ಅಷ್ಟರಲ್ಲಿ ಅವರು ಹೊಸ್ತಿಲ ಮೇಲೆ ಇದ್ದರು.

"ಇನ್ನೊಂದ್ಸಲ ಅನ್ನು" ಎಂದರು.

"ನಾನೇನೂ ಅಂದಿಲ್ಲ."

"ಅಂದಿ. ನಾನು ಬಸ್ಸಿನ ಗದ್ದಲದಾಗೇ ಚಿಲ್ಲರೆ ಬಿದ್ದದ್ದು ಕೇಳಿಸ್ಕಣಾನು. ಸುಳ್ಳು ಹೇಳಬ್ಯಾಡ."

ಅವತ್ತಿನಿಂದ ಅವರು ನನ್ನನ್ನು ಕರೆಯುವುದು ಹಾಗೆಯೇ ಆಯಿತು. ತಿರುವಿನಿಂದ ಅವರ ಅರ್ಧ ಬರುತ್ತಿತ್ತು, ಒಳಗಿನಿಂದ ನನ್ನ ಅರ್ಧ ಹೋಗುತ್ತಿತ್ತು. ನನ್ನದು ಹೊಸ್ತಿಲು ದಾಟುವಷ್ಟು ಜೋರಾಗಿರಲಿಲ್ಲ. ಅವರಿಗೆ ಅಷ್ಟು ಸಾಕಿತ್ತು. ಹೆಸರು ಹಿಡಿದು ಕರೆಸಿಕೊಂಡ ಹೆಂಗಸರನ್ನು ಆಮೇಲೆ ಬೇಕಾದಷ್ಟು ನೋಡಿದ್ದೇನೆ. ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಬರಲಿಲ್ಲ.

ಎಂಬತ್ತರ ಆಚೀಚೆ ಇರಬೇಕು, ನಮ್ಮ ಕಡೆ ಒಂದು ಹೊಸ ಬಟ್ಟೆ ಸೋಪು ಬಂತು. ನ್ಯಾಮತಿ ರಸ್ತೆಯ ಗೋಡೆಗಳ ಮೇಲೆಲ್ಲ ನೀಲಿ ಬಣ್ಣದಲ್ಲಿ ದೊಡ್ಡದಾಗಿ 'ಹೊಳೆ ಬಂತೋ' ಎಂದು ಬರೆಸಿದ್ದರು. ಕಂಪನಿಯ ಜೀಪು ಊರೂರಿಗೆ ಬರುತ್ತಿತ್ತು, ಮೈಕಿನಲ್ಲಿ ಯಾರೋ ಇವರ ಹಾಗೆಯೇ ಎಳೆದು ಕೂಗಿ ಆಮೇಲೆ ಸಂಗೀತ ಹಾಕುತ್ತಿದ್ದರು. ಮೊದಲು ಇವರಿಗೆ ಹಿಗ್ಗೋ ಹಿಗ್ಗು. ಒಂದು ಬಾರ್ ಸೋಪು ತಂದು ನನ್ನ ಮುಂದಿಟ್ಟು, "ನೋಡು, ನಾನು ಕಾಗದದ ಮೇಲೆ ಬಂದೀನಿ" ಎಂದರು. ಮೇಲಿನ ಕಾಗದದಲ್ಲಿ ಅಲೆಯ ಚಿತ್ರ, ಅದರ ಮೇಲೆ ಆ ಮಾತು, ಮೂಲೆಯಲ್ಲಿ ಸಣ್ಣಕ್ಷರದಲ್ಲಿ ರಿಜಿಸ್ಟರ್ಡ್ ಎಂದಿತ್ತು. ಆ ಸಣ್ಣಕ್ಷರವನ್ನು ಇಬ್ಬರೂ ಓದಿದೆವು, ಇಬ್ಬರೂ ಅದರ ಬಗ್ಗೆ ಏನೂ ಯೋಚಿಸಲಿಲ್ಲ. ಅತ್ತೆ ಒಗೆದು ನೋಡಿ, "ನೊರೆ ಇಲ್ಲ, ಏನಿಲ್ಲ. ನಿನ್ ಕೂಗೇ ವಾಸಿ" ಎಂದರು.

ಆ ವರ್ಷ ಚನ್ನಗಿರಿಯಲ್ಲಿ ಪಂದ್ಯ ನಡೆದಾಗ ಗೆದ್ದವರಿಗೆ ಕಪ್ಪು ಕೊಟ್ಟವರು ಆ ಕಂಪನಿಯವರೇ. ನಮ್ಮ ಹುಡುಗರು ಬಿಳಿ ಬಟ್ಟೆಯ ಮೇಲೆ 'ಹೊಳೆ ಬಂತೋ' ಎಂದು ಬರೆಸಿ ಎರಡು ಬಿದಿರಿಗೆ ಕಟ್ಟಿಕೊಂಡು ಹೋಗಿದ್ದರು. ಕಂಪನಿಯ ಏಜೆಂಟ್ ಬಂದು ಅದನ್ನು ಬಿಚ್ಚಿಸಿದನಂತೆ. "ಇದು ನಮ್ಮ ಮಾರ್ಕು. ಬೇರೆಯವರು ಬರೆಯಂಗಿಲ್ಲ, ಕೂಗಂಗಿಲ್ಲ" ಎಂದನಂತೆ. ಇವರು ನಕ್ಕು, "ಸ್ವಾಮಿ, ಈ ಮಾತು ಹುಟ್ಟಿದಾಗ ನಿಮ್ ಸೋಪಿನ್ನೂ ಎಣ್ಣೆ ಆಗಿತ್ತು" ಎಂದಿದ್ದಾರೆ. ಏಜೆಂಟ್ ನಗಲಿಲ್ಲ. ಕೂಗಿದರೆ ತಂಡವನ್ನೇ ಹೊರಗೆ ಹಾಕುತ್ತೇವೆ ಎಂದ. ಇವರು ಬಾಯಿ ಮುಚ್ಚಿಕೊಂಡರು. ಮುಂದೆ ತಂಡಕ್ಕೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ನೋಟೀಸೂ ಬಂತು.

ಅದನ್ನು ಹಿಡಿದುಕೊಂಡು ಚನ್ನಗಿರಿಯ ವಕೀಲರೊಬ್ಬರ ಹತ್ತಿರ ಹೋದರು. ನನಗೆ ಅಲ್ಲಿಯ ಆಸ್ಪತ್ರೆಯಲ್ಲಿ ತೋರಿಸುವುದಿತ್ತು, ಜೊತೆಗೆ ಹೋಗಿದ್ದೆ. ವಕೀಲರು ಇವರ ಬಸ್ಸಿನಲ್ಲೇ ಓಡಾಡುವವರು.

"ಏನ್ರೀ ಕಂಡಕ್ಟ್ರೇ, ದಿನಾ ನನ್ನ 'ಒಳಗೆ ಹೋಗ್ರಿ ಒಳಗೆ ಹೋಗ್ರಿ' ಅಂತ ನೂಕ್ತಿದ್ರಿ, ಇವತ್ತು ನೀವೇ ಒಳಗೆ ಬಂದ್ರಲ್ಲ" ಎಂದು ನಗಿಸಿದರು. ಕಾಗದ ಓದಿದರು. ಸೋಪಿನ ಕಾಗದವನ್ನೂ ತಿರುಗಿಸಿ ನೋಡಿದರು.

"ಇವರು ಇದನ್ನ ಸೋಪಿಗೆ ಬರೆಸ್ಯಾರೆ. ನೀವು ಸೋಪು ಮಾರ್ತೀರಾ? ಇಲ್ಲ. ಗಂಟಲು ನಿಮ್ಮದು, ಕೂಗಾಕೆ ಯಾವ ಕಾಯ್ದೆನೂ ಅಡ್ಡ ಇಲ್ಲ."

"ಹಂಗಾದ್ರೆ ಕೂಗಬೌದಾ ಸಾರ್?"

"ನಿಮ್ಮ ಮನ್ಯಾಗೆ ಕೂಗ್ರಿ, ರಸ್ತ್ಯಾಗೆ ಕೂಗ್ರಿ. ಮೈದಾನದಾಗೆ ಕಪ್ಪು ಅವರದು, ಶಾಮಿಯಾನ ಅವರದು, ಮೈಕು ಅವರದು. ನಮ್ಮ ಪಂದ್ಯ, ನಮ್ಮ ಷರತ್ತು ಅಂದ್ರೆ ಏನು ಮಾಡ್ತೀರಿ? ಕೋರ್ಟಿಗೆ ಹೋದ್ರೆ ಗೆಲ್ತೀರಿ. ಗೆಲ್ಲೋ ಹೊತ್ತಿಗೆ ನಿಮ್ಮ ಆಟಗಾರರಿಗೆ ಮೊಮ್ಮಕ್ಕಳಾಗಿರ್ತವೆ."

ಇವರು ನೋಟೀಸು ತೆಗೆದುಕೊಳ್ಳಲು ಕೈಚಾಚಿದರು. ವಕೀಲರಿಗೆ ಕನಿಕರ ಬಂತೇನೋ, ಸೋಪಿನ ಕಾಗದವನ್ನು ಮತ್ತೆ ನೋಡಿ, "ಒಂದು ತಮಾಷೆ ಐತೆ ನೋಡ್ರಿ. ಇವರು ಬರೆಸಿರೋದು ಅರ್ಧ. ನಿಮ್ಮ ಜನ ಅಂತಾರಲ್ಲ, 'ದಾರಿ ಬಿಡ್ರೋ', ಅದು ಎಲ್ಲೂ ಇಲ್ಲ. ಸೋಪಿಗ್ಯಾಕೆ ಅಂತ ಬಿಟ್ಟಿರಬೇಕು" ಎಂದರು.

"ಆ ಅರ್ಧ ಇಟ್ಕಂಡು ಏನ್ ಮಾಡ್ಲಿ ಸಾರ್? ಕರೀದೇನೇ ಯಾರಾದ್ರೂ 'ಓ' ಅಂತಾರಾ?"

ತೆರೆದ ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದ ನನಗೆ ಆ ಮಾತು ಕೇಳಿಸಿತು. ಮನೆಯಲ್ಲಾದರೂ ಕೂಗಬಹುದಲ್ಲ ಎಂದುಕೊಂಡೆ. ನನಗೆ ಬೇಕಾದದ್ದು ಅಷ್ಟೇ ಇತ್ತು.

ಅದೂ ಉಳಿಯಲಿಲ್ಲ. ಆ ವಾರವೇ ಒಂದು ಸಂಜೆ ಇವರು ತಿರುವಿನಿಂದ ಕೂಗಿದಾಗ, ಓಣಿಗೆ ಹೊಸದಾಗಿ ಬಂದಿದ್ದ ಮನೆಯ ಹೆಂಗಸು ಬಕೆಟ್ ಕೆಳಗಿಟ್ಟು ಓಡಿಬಂದಳು. "ಸೋಪಿನೋರೇ, ನಿಲ್ರಿ, ನನಗೊಂದು ಬಾರ್ ಬೇಕು." ಇವರು ನಿಂತರು. ಅವಳ ಹಿಂದೆ ಇನ್ನೊಬ್ಬಳು, "ಜೀಪೆಲ್ಲೈತೆ? ಫ್ರೀ ಬಕೆಟ್ ಕೊಡ್ತಾರಂತಲ್ಲ?" ಅವರ ತಪ್ಪಿಲ್ಲ. ಆ ಮಾತು ಕೇಳಿದರೆ ಜೀಪು ಬಂತೆಂದೇ ಊರಿಗೆಲ್ಲ ಅಭ್ಯಾಸವಾಗಿತ್ತು. ಇವರು ನೇರ ಒಳಗೆ ಬಂದು ಕೈಕಾಲು ತೊಳೆದರು. ನನ್ನ ಅರ್ಧ ಬಾಯಲ್ಲೇ ಇತ್ತು. ಊಟಕ್ಕೆ ಕೂತಾಗ, "ಇನ್ನು ಕೂಗಾಕಿಲ್ಲ. ಕೂಗಿದ್ರೆ ಸೋಪು ಮಾರಾಕೆ ಬಂದಂಗೆ ಆಗ್ತೈತೆ" ಎಂದರು. ಮರುದಿನ ಬಾಗಿಲಿಗೆ ಬಂದು ಕೆಮ್ಮಿದರು.

ಆ ಕೆಮ್ಮು ನನಗೆ ಎಷ್ಟು ದೂರದ್ದಾಗಿ ಕೇಳಿತೆಂದು ಹೇಳಲಾರೆ. ಅಷ್ಟರಲ್ಲಿ ನಮಗೆ ಮಗಳಿದ್ದಳು. ಅವಳ ಹೆಸರು ಹಿಡಿದು ನನ್ನನ್ನು 'ಇಂಥವಳ ಅವ್ವ' ಎನ್ನಬಹುದಿತ್ತು, ಎಲ್ಲರೂ ಹಾಗೇ ಅನ್ನುತ್ತಿದ್ದರು. ಇವರು ಅದನ್ನೂ ಅನ್ನಲಿಲ್ಲ. ಸಂಜೆಯಾಗುತ್ತಿತ್ತು, ಬಸ್ಸಿನ ಹಾರ್ನ್ ಕೇಳುತ್ತಿತ್ತು, ನಾನು ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದೆ. ಆಮೇಲೆ ಚಪ್ಪಲಿಯ ಸದ್ದು, ಕೆಮ್ಮು. ಅತ್ತೆಗೂ ಅದು ಹಿಡಿಸಲಿಲ್ಲ. "ಏನಾಗೈತೆ ಇವನಿಗೆ, ಬೆಕ್ಕು ಬಂದಂಗೆ ಬರ್ತಾನೆ" ಎನ್ನುತ್ತಿದ್ದರು. ಕಂಪನಿಯ ಜೀಪು ಓಣಿಗೆ ಬಂದು ಆ ಮಾತನ್ನೇ ಕೂಗಿದಾಗ ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಅದಕ್ಕೆ 'ಓ' ಅನ್ನಬೇಕೆಂದು ನನ್ನ ಗಂಟಲಿಗೆ ಒಂದು ಸಲವೂ ಅನ್ನಿಸಲಿಲ್ಲ.

ಮರುವರ್ಷ ಸುಗ್ಗಿ ಮುಗಿದ ಮೇಲೆ ಜಗಳೂರಿನಲ್ಲಿ ಪಂದ್ಯ ಗೊತ್ತಾಯಿತು. ಅಲ್ಲಿಯೂ ಕಪ್ಪು ಕಂಪನಿಯದೇ. ನನ್ನ ಅಣ್ಣ ಪಂದ್ಯದ ಕಮಿಟಿಯಲ್ಲಿದ್ದ. ನಾನು ಮಗಳನ್ನು ಎತ್ತಿಕೊಂಡು ಮೊದಲೇ ತವರಿಗೆ ಹೋಗಿದ್ದೆ. ಪಂದ್ಯದ ದಿನ ತಂಡದ ಜೊತೆ ಬಂದ ಇವರು ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬಂದರು. ಅಣ್ಣ ಬಡಿಸುತ್ತ ಕಿಚಾಯಿಸಿದ.

"ಏನ್ ಭಾವ, ನಿಮ್ ಹೊಳೆ ಬತ್ತೈತಂತೆ?"

"ನಿಮ್ಮೂರಿಗಿಂತ ವಾಸಿ ಬಿಡು. ನಿಮಗೆ ಬತ್ತಾಕಾದ್ರೂ ಏನೈತೆ?"

"ನಮಗೆ ಇಲ್ಲ, ಇಲ್ಲ ಅಂದ್ಕಂಡು ಸುಮ್ನಿದೀವಿ. ನೀವು ಇದ್ದ ಹೊಳೇನ ಸೋಪಿನೋರಿಗೆ ಕೊಟ್ಟು ಕುಂತೀರಿ."

ಇವರು ನಕ್ಕರು. ತಟ್ಟೆಯಲ್ಲಿ ಅನ್ನ ಹಾಗೇ ಬಿಟ್ಟು ಎದ್ದರು. ಅವ್ವ ಅಣ್ಣನನ್ನು ಗದರಿಸಿದಳು.

ನಮ್ಮ ತವರುಮನೆ ಮೈದಾನದ ಅಂಚಿಗೇ ಇತ್ತು. ಹೆಂಗಸರು ಗುಂಪಿಗೆ ಇಳಿಯುತ್ತಿರಲಿಲ್ಲ, ಮಾಳಿಗೆಯ ಮೇಲಿಂದ ನೋಡುತ್ತಿದ್ದರು. ಓಣಿಯ ಹೆಂಗಸರೆಲ್ಲ ನಮ್ಮ ಮಾಳಿಗೆಗೇ ಬಂದಿದ್ದರು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ನಮ್ಮ ಹೊಳೆಸಾಲಿನ ತಂಡಕ್ಕೂ ಜಗಳೂರಿನ ತಂಡಕ್ಕೂ ಆಟ. ನನ್ನ ಸುತ್ತ ಕೂತವರೆಲ್ಲ ಜಗಳೂರಿನ ಕಡೆ. ಚಿಕ್ಕಮ್ಮ ನನ್ನ ತೊಡೆ ಚಿವುಟಿ, "ಯಾರು ಗೆಲ್ಲಬೇಕೇ? ಉಪ್ಪು ತಿಂದ ಮನೆಯೋ, ಕೊಟ್ಟ ಮನೆಯೋ?" ಎಂದಳು. "ಆಡೋರು ಗೆಲ್ಲಲಿ" ಎಂದೆ.

ನಮ್ಮವರು ಸೋಲುತ್ತಿದ್ದರು. ಜಗಳೂರಿನವರ ಕೂಗಿಗೆ ಮೈದಾನ ಅದುರುತ್ತಿತ್ತು. ನಮ್ಮ ಕಡೆಯ ಒಂದು ಹಿಡಿ ಜನ ಬಾಯಿ ಕಟ್ಟಿಹಾಕಿದವರಂತೆ ನಿಂತಿದ್ದರು. ಅವರ ನಡುವೆ ಇವರ ಬಿಳಿ ಅಂಗಿ ಕಾಣುತ್ತಿತ್ತು. ಸಾಸ್ವೆಹಳ್ಳಿಯ ಹುಡುಗ ಗೆರೆಯ ಹತ್ತಿರ ಬಂದು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡ. ತಿರುಗಿ ಒಂದು ಸಲ ಇವರ ಕಡೆ ನೋಡಿದ. ಆಗ ಇವರ ಬಲಗೈ ಮೇಲೆದ್ದಿತು.

ಬೇಕೆಂದು ಎತ್ತಿದ್ದಲ್ಲ. ವರ್ಷಗಳ ರೂಢಿ. ಎತ್ತಿದ ಮೇಲೆ ನೆನಪಾಗಿರಬೇಕು, ಬಾಯಿ ತೆರೆಯಲಿಲ್ಲ. ಕೈ ಮಾತ್ರ ಹಾಗೇ ನಿಂತಿತ್ತು. ಇಳಿಸುವುದೂ ತಿಳಿಯದಂತೆ ನಿಂತಿತ್ತು. ಮಾಳಿಗೆಯ ಮೇಲಿಂದ ನನಗೆ ಅವರ ಮುಖ ಕಾಣಲಿಲ್ಲ, ಕೈ ಕಂಡಿತು. ಆಮೇಲೆ ಅದು ಮೆಲ್ಲಗೆ ಕೆಳಗಿಳಿಯಿತು.

"ದಾರಿ ಬಿಡ್ರೋ!"

ಅದು ನನ್ನ ದನಿ ಎಂದು ನನಗೆ ತಿಳಿದದ್ದು ಸುತ್ತಲಿನ ಹೆಂಗಸರು ತಿರುಗಿದಾಗ. ನನ್ನೊಳಗೆ ಅಷ್ಟು ದನಿ ಇತ್ತೆಂದು ನನಗೇ ಗೊತ್ತಿರಲಿಲ್ಲ. ಚಿಕ್ಕಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮಗಳು ಹೆದರಿ ಅತ್ತಳು. ಕೆಳಗೆ ನಮ್ಮ ಕಡೆಯವರು ತಲೆಯೆತ್ತಿ ನೋಡಿದರು. ಇವರೂ ನೋಡಿದರು. ಮತ್ತೆ ಕೈ ಎತ್ತಿದರು, ಈ ಸಲ ಬೇಕೆಂದೇ, ಬಾಯಿ ಮುಚ್ಚಿಕೊಂಡೇ. ಕೈ ಇಳಿಯಿತು. ಆ ಒಂದು ಹಿಡಿ ಜನ ಒಟ್ಟಿಗೆ "ದಾರಿ ಬಿಡ್ರೋ!" ಎಂದರು.

ಏಜೆಂಟ್ ಶಾಮಿಯಾನದಿಂದ ಎದ್ದು ಬಂದ. "ಯಾರ್ರೀ ಅದು ಮೇಲಿಂದ ಶುರು ಮಾಡಿದ್ದು? ನಮ್ಮ ಮಾರ್ಕು ಕೂಗಬಾರ್ದು ಅಂತ ಹೇಳಿಲ್ವಾ?"

ಅಣ್ಣ ಅಲ್ಲೇ ಇದ್ದ. ಅವನ ಊರಿನ ತಂಡ ಗೆಲ್ಲುತ್ತಿತ್ತು, ಅವನ ತಂಗಿ ಎದುರು ತಂಡಕ್ಕೆ ಕೂಗಿದ್ದಳು. ಅವನು ಏನು ಹೇಳುತ್ತಾನೋ ಎಂದು ನಾನು ಮಾಳಿಗೆಯ ಅಂಚನ್ನು ಹಿಡಿದುಕೊಂಡೆ.

"ಅದು ನಮ್ಮ ತಂಗಿ ರೀ. ನಿಮ್ ಸೋಪಿನ ಮಾತು ಏನಾದ್ರೂ ಅಂದ್ಲಾ?"

"ಅದರದ್ದೇ ಇನ್ನರ್ಧ ಅಲ್ವಾ ಇದು!"

"ಎಲ್ಲಿ, ನಿಮ್ ಸೋಪಿನ ಕಾಗದದಾಗೆ ದಾರಿ ಬಿಡ್ರೋ ಅಂತ ಎಲ್ಲೈತೆ ತೋರಿಸ್ರಿ. ಇಲ್ಲ ತಾನೆ? ದಾರಿ ಬಿಡ್ರಿ ಅನ್ನೋದನ್ನೂ ನೀವೇ ಕೊಂಡ್ಕಂಡ್ರೆ ನಾವು ಎತ್ತು ಹೊಡ್ಕಂಡು ಹೆಂಗ್ರೀ ಹೋಗಾನ? ಕುಂದ್ರಿ, ಆಟ ನೋಡಾನ."

ಜನ ಗೊಳ್ಳೆಂದು ನಕ್ಕಿತು. ಏಜೆಂಟ್ ಜೇಬಿನಿಂದ ಸೋಪಿನ ಕಾಗದ ತೆಗೆದು ನೋಡಿದ, ಮತ್ತೆ ಮಡಚಿಟ್ಟ. ಆಮೇಲೆ ಆಟ ಮುಗಿಯುವ ತನಕ ಇವರ ಕೈ ಏರುತ್ತಿತ್ತು, ಇಳಿಯುತ್ತಿತ್ತು. ನಡುವೆ ಯಾರೂ ಆಡದ ಮಾತು ಎಲ್ಲರಿಗೂ ಕೇಳಿಸುತ್ತಿತ್ತು. ಕೊನೆಕೊನೆಗೆ ಜಗಳೂರಿನ ಹುಡುಗರೂ ತಮಾಷೆಗೆ ದನಿ ಸೇರಿಸಿದರು. ನಮ್ಮವರು ಸೋತರು. ಸೋತದ್ದು ಸ್ವಲ್ಪದರಲ್ಲಿ ಎಂದು ಇವರು ಕೊನೆಯವರೆಗೂ ಹೇಳುತ್ತಿದ್ದರು.

ಅವತ್ತೇ ತಂಡದ ಜೊತೆ ಹೊರಟರು. ಹೊರಡುವ ಮುಂಚೆ ನೀರು ಕುಡಿಯಲು ಬಂದು, ಯಾರೂ ಇಲ್ಲದ್ದನ್ನು ನೋಡಿ, "ತವರಿನಾಗೆ ಮಾನ ಕಳಕಂಡ್ಯಲ್ಲ" ಎಂದರು.

"ನೀವು ಕೈ ಎತ್ತಿದ್ರಿ."

"ನಾನು ಬಾಯಿ ಬಿಟ್ಟಿಲ್ಲ."

"ನನಗೆ ಕೇಳಿಸ್ತು" ಎಂದೆ. ಅವರು ಚೊಂಬು ಕೊಟ್ಟು ಹೋದರು.

ಒಂದು ವಾರ ತವರಿನಲ್ಲಿದ್ದು ನಾನು ಹೊನ್ನಾಳಿಗೆ ಬಂದೆ. ಬಂದದ್ದನ್ನು ಬಸ್ ಸ್ಟ್ಯಾಂಡಿನವರು ಅವರಿಗೆ ಹೇಳಿರಬೇಕು. ಸಂಜೆ ಹಾರ್ನ್ ಕೇಳಿತು. ನಾನು ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿದೆ. ಅತ್ತೆ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು.

"ಹೊಳೆ ಬಂತೋ..."

ಮೊದಲಿನಷ್ಟೇ ಉದ್ದ ಎಳೆದಿದ್ದರು. ಎದುರು ಮನೆಯ ಹೆಂಗಸು ಹೊರಗೆ ಬಂದು, "ಸೋಪಾ ಅಜ್ಜಿ?" ಎಂದಳು. ಅತ್ತೆ ತಲೆಯೆತ್ತದೆ, "ಸೋಪಲ್ಲ ಕಣೆ, ನನ್ ಮಗ" ಎಂದರು. ಆಮೇಲೆ ಒಳಗೆ ತಿರುಗಿ ನನಗೆ, "ಏನು, ಬಾಯಾಗೆ ಕಡುಬು ಇಟ್ಕಂಡೀಯಾ? ಅನ್ನು" ಎಂದರು. ಅಷ್ಟು ವರ್ಷ ನನ್ನ ಅರ್ಧ ಅತ್ತೆಗೂ ಕೇಳುತ್ತಿತ್ತೆಂದು ಆಗ ತಿಳಿಯಿತು. ನಾನು ಅಂದೆ. ಈ ಸಲ ಹೊಸ್ತಿಲು ದಾಟುವಷ್ಟು ಜೋರಾಗಿಯೇ ಅಂದೆ.

ಸೋಪು ಕೆಲವು ವರ್ಷಗಳಲ್ಲಿ ಅಂಗಡಿಗಳಿಂದ ಮಾಯವಾಯಿತು. ಗೋಡೆಯ ಮೇಲಿನ ನೀಲಿ ಬಣ್ಣ ಮಳೆಗೆ ತೊಳೆದುಹೋಗಿ ಆಮೇಲೆ ಬೇರೆ ಯಾವುದೋ ಬರಹ ಅದರ ಮೇಲೆ ಬಂತು. ಮಾರ್ಕಿನ ಗತಿ ಏನಾಯಿತೋ, ಕೇಳಲು ಯಾರೂ ಹೋಗಲಿಲ್ಲ. ಅತ್ತೆ ಹೋದರು. ಅಣ್ಣನೂ ಹೋದ. ಇವರು ಬಸ್ಸಿನ ಕೆಲಸ ಬಿಟ್ಟ ಮೇಲೂ ಸಂಜೆ ಸುಮ್ಮನೆ ಬಸ್ ಸ್ಟ್ಯಾಂಡಿಗೆ ಹೋಗಿ ಬರುತ್ತಿದ್ದರು. ಬರುವಾಗ ಕೂಗಬೇಕಲ್ಲ, ಅದಕ್ಕಾಗಿಯೇ ಹೋಗುತ್ತಿದ್ದರೇನೋ. ದನಿ ತೆಳುವಾಗುತ್ತ ಬಂತು. ಕೊನೆಯ ದಿನಗಳಲ್ಲಿ ಹಾಸಿಗೆಯ ಮೇಲೆ ಮಾತು ನಿಂತಾಗ ಬಲಗೈ ಸ್ವಲ್ಪ ಮೇಲೆತ್ತಿದರು. ಮಗಳು ನೀರು ಬೇಕೇನೋ ಎಂದು ಲೋಟ ತಂದಳು. ನಾನು ಅವರ ಕಿವಿಯ ಹತ್ತಿರ ಬಗ್ಗಿದೆ, ಕೈ ಇಳಿಯುವುದನ್ನೇ ಕಾದು ನನ್ನ ಮಾತು ಅಂದೆ. ಅವರು ನೀರು ಕುಡಿಯಲಿಲ್ಲ.

ಚನ್ನಗಿರಿ ಕಡೆಯ ಬಸ್ಸು ಈಗಲೂ ಸಂಜೆ ನಮ್ಮ ತಿರುವಿನ ಹತ್ತಿರ ಹಾರ್ನ್ ಹಾಕುತ್ತದೆ. ಹೋದ ವಾರ ನಾನು ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ಹಾರ್ನ್ ಆಯಿತು. ಆಮೇಲೆ ಅವರು ಓಣಿಗೆ ನಡೆದು ಬರುವಷ್ಟು ಹೊತ್ತು ಆಯಿತು. ನಾನು ಓಣಿಯ ಕಡೆ ತಿರುಗಿ "ದಾರಿ ಬಿಡ್ರೋ" ಎಂದೆ. ಎದುರು ಮನೆಯ ಸೊಸೆ ಕಿಟಕಿಯಿಂದ ಇಣುಕಿದಳು.

"ಯಾರನ್ನ ಕರೆದ್ರಿ ಅಜ್ಜಿ?"

"ಕರೀಲಿಲ್ಲವ್ವ" ಎಂದೆ. "ಓ ಅಂದೆ."

ಅವಳು ಓಣಿಯನ್ನು ಆ ಕಡೆ ಈ ಕಡೆ ನೋಡಿದಳು. ನಾನು ಮೊರ ಎತ್ತಿಕೊಂಡು, ಅವರ ಕೈಕಾಲಿಗೆ ನೀರು ಇಡುತ್ತಿದ್ದ ಜಾಗ ಬಿಟ್ಟು ಸ್ವಲ್ಪ ಸರಿದು ಕೂತೆ.